ಅರ್ಲ್ ಸ್ಕ್ರಗ್ಸ್ ನುಡಿಸಿದ ಬ್ಯಾಂಜೋ: ನಾದ ಬೆರಳಿನದೋ, ವಾದ್ಯದ್ದೋ?

ತಂತಿಮೀಟು, ಮೈಸೂರು

ಎಲ್ಲರಿಗೂ ನಮಸ್ಕಾರ. ಬ್ಲೂಗ್ರಾಸ್ ಅನ್ನುವ ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯಗಳ ಸಂಗೀತದಲ್ಲಿ ಬ್ಯಾಂಜೋ ಅಂದ ಕೂಡಲೇ ಬರುವ ಮೊದಲ ಹೆಸರು ಅರ್ಲ್ ಸ್ಕ್ರಗ್ಸ್ ಅವರದು. ಅವರ ಬದುಕು, ಅವರು ಇಟ್ಟುಕೊಂಡಿದ್ದ ವಾದ್ಯಗಳು ಎರಡನ್ನೂ ಕೂಡಿಸಿ ಮಾತಾಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ನಮ್ಮಲ್ಲಿ ಮೆರವಣಿಗೆ, ಆರ್ಕೆಸ್ಟ್ರಾಗಳಲ್ಲಿ ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗಕ್ಕೂ ಬ್ಯಾಂಜೋ ಅಂತಲೇ ಕರೆಯುತ್ತೇವೆ. ನಾನು ಹೇಳುತ್ತಿರುವುದು ಅದಲ್ಲ, ಮರದ ಬಳೆಗೆ ಚರ್ಮ ಬಿಗಿದು, ಉದ್ದ ಕತ್ತು ಕೂಡಿಸಿ ಐದು ತಂತಿ ಕಟ್ಟಿದ ಅಮೆರಿಕದ ವಾದ್ಯ.

ಸ್ಕ್ರಗ್ಸ್ ಹುಟ್ಟಿದ್ದು 1924ರ ಜನವರಿ 6ರಂದು, ನಾರ್ತ್ ಕ್ಯಾರೊಲಿನಾದ ಕ್ಲೀವ್‌ಲ್ಯಾಂಡ್ ಕೌಂಟಿಯ ಫ್ಲಿಂಟ್ ಹಿಲ್‌ನಲ್ಲಿ. ಅಪ್ಪ ರೈತರು, ಬ್ಯಾಂಜೋ ನುಡಿಸುತ್ತಿದ್ದರು. ಮಗನಿಗೆ ನಾಲ್ಕು ವರ್ಷವಾಗಿದ್ದಾಗ ತೀರಿಕೊಂಡರು. ಮನೆಯಲ್ಲಿ ಅಣ್ಣಂದಿರೂ ನುಡಿಸುವವರೇ. ಹತ್ತರ ವಯಸ್ಸಿನ ಹೊತ್ತಿಗೆ ಹುಡುಗನಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರಿಂದಲೂ ಮೀಟುವ ಹದ ಸಿಕ್ಕಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಶೆಲ್ಬಿ ಊರಿನ ನೂಲಿನ ಗಿರಣಿಯಲ್ಲಿ ಗಂಟೆಗೆ 40 ಸೆಂಟ್ ಕೂಲಿಗೆ ದುಡಿದರು. 1945ರ ಡಿಸೆಂಬರ್‌ನಲ್ಲಿ ಬಿಲ್ ಮನ್ರೋ ಅವರ 'ಬ್ಲೂ ಗ್ರಾಸ್ ಬಾಯ್ಸ್' ತಂಡ ಸೇರಿದಾಗ ಅವರಿಗಿನ್ನೂ 21 ವರ್ಷ. ಮನ್ರೋ ಮ್ಯಾಂಡೊಲಿನ್, ಲೆಸ್ಟರ್ ಫ್ಲ್ಯಾಟ್ ಹಾಡುಗಾರಿಕೆ ಮತ್ತು ಗಿಟಾರ್, ಚಬ್ಬಿ ವೈಸ್ ಪಿಟೀಲು, ಹೊವಾರ್ಡ್ ವಾಟ್ಸ್ ಬಾಸ್. 1946ರ ಸೆಪ್ಟೆಂಬರ್‌ನಲ್ಲಿ ಶಿಕಾಗೋದಲ್ಲಿ ಈ ಐವರು ಮುದ್ರಿಸಿಕೊಟ್ಟದ್ದನ್ನು ಕೇಳಿದರೆ ಬ್ಲೂಗ್ರಾಸ್ ಅನ್ನುವುದು ಅಲ್ಲೇ ಪೂರ್ತಿ ರೂಪ ಪಡೆದಿದೆ ಅನಿಸುತ್ತದೆ.

1948ರಲ್ಲಿ ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ಹೊರಬಂದು 'ಫಾಗಿ ಮೌಂಟನ್ ಬಾಯ್ಸ್' ಕಟ್ಟಿದರು. 1949ರ ಡಿಸೆಂಬರ್‌ನಲ್ಲಿ ಸಿನ್ಸಿನಾಟಿಯಲ್ಲಿ ಮುದ್ರಿಸಿದ 'ಫಾಗಿ ಮೌಂಟನ್ ಬ್ರೇಕ್‌ಡೌನ್' ಮುಂದೆ 1967ರ 'ಬಾನಿ ಅಂಡ್ ಕ್ಲೈಡ್' ಸಿನಿಮಾದ ಕಾರು ಓಟಗಳಿಗೆ ಹಿನ್ನೆಲೆಯಾಗಿ ಜಗತ್ತಿಗೆಲ್ಲ ಕೇಳಿಸಿತು.

ಅವರ ಹೆಸರಿನ ಜೊತೆಗೇ ಬರುವ ವಾದ್ಯ ಗಿಬ್ಸನ್ ಕಂಪನಿಯ 'ಗ್ರನಾಡಾ' ಮಾದರಿ ಬ್ಯಾಂಜೋ, ನಂಬರ್ 9584-3. ಬ್ಯಾಂಜೋ ಪ್ರಿಯರು ಆ ನಂಬರನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಆ ನಾದದ ಗುಟ್ಟು ಗ್ರನಾಡಾದಲ್ಲಿದೆ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಮನ್ರೋ ತಂಡದ ಮುದ್ರಣಗಳ ಕಾಲಕ್ಕೆ ಗ್ರನಾಡಾ ಅವರ ಕೈಗೆ ಬಂದೇ ಇರಲಿಲ್ಲ. ಆದರೂ ಎರಡು ಸ್ವರ ಕೇಳಿದರೆ ಸಾಕು, ಇದು ಸ್ಕ್ರಗ್ಸ್ ಅಂತ ಗುರುತು ಹತ್ತುತ್ತದೆ. ನಿಮಗೆಲ್ಲ ಏನನಿಸುತ್ತದೆ?

ಸಾಧನಕೇರಿ, ಧಾರವಾಡ

ಛಲೋ ವಿಷಯ ತಗದೀರಿ ಸರ್. ಆದ್ರ ಬೆರಳು ಬೆರಳು ಅಂತ ಹೇಳಿ ವಾದ್ಯಾನ್ನ ಅಷ್ಟು ಸರಳ ಬದಿಗೆ ಸರಸಬ್ಯಾಡ್ರಿ. ಮನ್ರೋ ಕಾಲಕ್ಕೂ ಅವರ ಕೈಯಾಗ ಇದ್ದದ್ದು ಗಿಬ್ಸನ್ ಬ್ಯಾಂಜೋನ, ಸಾದಾ ಮಾದರಿದು ಇರಬಹುದು, ಆದ್ರ ಗಿಬ್ಸನ್ನ.

ಗ್ರನಾಡಾ ಒಳಗ ಏನದ ಅಂತ ನೋಡೂಣು. ಕೆಳಗ ಮೇಪಲ್ ಕಟಗಿ ಪದರ ಪದರ ಅಂಟಿಸಿ ಮಾಡಿದ ಬಳಿ. ಅದರ ಮ್ಯಾಲ ಕಂಚಿನ ಒಂದು ಭಾರಿ ಉಂಗುರ ಕೂಡತದ, ಅದಕ್ಕ ಟೋನ್ ರಿಂಗ್ ಅಂತಾರ. ತೂಕ ಸುಮಾರು ಮೂರು ಪೌಂಡ್, ಅಂದ್ರ ಹತ್ತಿರ ಹತ್ತಿರ ಒಂದೂವರಿ ಕಿಲೋ. ಅದರ ಮ್ಯಾಲ 11 ಇಂಚಿನ ಚರ್ಮ ಬಿಗಿತಾರ. ಹಿಂದ ಮುಚ್ಚಳದಂಥಾ ರೆಸೊನೇಟರ್ ಇರತದ, ಅದು ನಾದಾನ್ನ ಮುಂದಕ್ಕ ದಬ್ಬತದ. ಉಂಗುರದಾಗ ಎರಡು ನಮೂನಿ. ಒಂದು ಕಮಾನಿಂದು, ಆರ್ಚ್‌ಟಾಪ್. ಅದು ಚರ್ಮಾನ್ನ ಒಳಗ ಇನ್ನೊಂದು ಅಂಚಿನ ಮ್ಯಾಲ ಎತ್ತಿ ಹಿಡಿತದ, ಹಂಗಾಗಿ ನಡಕಿನ ಭಾಗ ಅಷ್ಟ ನಡಗತದ, ನಾದ ಮೊನಚ ಬರತದ. ಇನ್ನೊಂದು ಫ್ಲಾಟ್‌ಹೆಡ್, ಸಪಾಟು. ಇದರಾಗ ಹೆಚ್ಚು ಕಡಿಮಿ ಪೂರ್ತಿ ಚರ್ಮ ನಡಗತದ, ಕೆಳಗಿನ ತಂತಿಗೆ ಎದಿಯಿಂದ ಬಂದಂಥಾ ದನಿ ಬರತದ. ಸ್ಕ್ರಗ್ಸ್ ಅವರ ಗ್ರನಾಡಾ ಫ್ಲಾಟ್‌ಹೆಡ್.

1920–30ರ ದಶಕದಾಗ ಜಾಜ್ ಬ್ಯಾಂಡಿನವರು ಕೇಳತಿದ್ದದ್ದು ನಾಲ್ಕು ತಂತಿಯ ಟೆನರ್ ಬ್ಯಾಂಜೋ. ಐದು ತಂತಿದಕ್ಕ ಗಿರಾಕಿ ಭಾಳ ಕಡಿಮಿ. ಹಂಗಾಗಿ ಯುದ್ಧಕ್ಕ ಮೊದಲಿನ ಗಿಬ್ಸನ್, ಅದರಾಗೂ ಫ್ಲಾಟ್‌ಹೆಡ್, ಅದರಾಗೂ ಹುಟ್ಟಾ ಐದು ತಂತಿ ಇರೂದು ಬೆರಳೆಣಿಕಿ ಮಾಲು. ಇವತ್ತಿಗೂ ಎಷ್ಟೋ ಮಂದಿ ಹಳೇ ಟೆನರ್ ತಂದು, ಕತ್ತು ಬದಲಿಸಿ ಐದು ತಂತಿ ಮಾಡಿಸಿಕೋತಾರ. ಆ ನಾದ ಕೈಯಾಗ ಅಷ್ಟ ಇದ್ದಿದ್ರ ಇಷ್ಟು ಖಟಪಟಿ ಯಾರು ಮಾಡತಿದ್ರು?

ಮೃದಂಗಮಿತ್ರ, ಬೆಂಗಳೂರು

ನಾನು ಲಯದ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಈ ವಾದನದ ಪ್ರಾಣ ಅಲ್ಲೇ ಇದೆ ಅನ್ನುವುದು ನನ್ನ ನಂಬಿಕೆ.

ಸ್ಕ್ರಗ್ಸ್ ಶೈಲಿಯಲ್ಲಿ ಬಲಗೈಯ ಪಾಠಗಳಿಗೆ 'ರೋಲ್' ಅನ್ನುತ್ತಾರೆ. ಮೂರು ಬೆರಳು, ಐದು ತಂತಿ, ಒಂದು ಬಾರಿಗೆ ಎಂಟು ಮೀಟು. ಒಂದೇ ಬೆರಳು ಬೆನ್ನುಬೆನ್ನಿಗೆ ಎರಡು ಸಲ ಬರುವುದು ಅಪರೂಪ, ಅದಕ್ಕೇ ಆ ವೇಗ ಸಾಧ್ಯ. ಈಗ ಲೆಕ್ಕ ನೋಡಿ: ಬೆರಳು ಮೂರು, ಮಾತ್ರೆ ಎಂಟು. ಮೂರು ಎಂಟಕ್ಕೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಮುಂದಕ್ಕೆ ಹರಿಯುವ ರೋಲ್‌ನಲ್ಲಿ ಎಂಟು 3+3+2 ಆಗಿ ಒಡೆಯುತ್ತದೆ. ನಮ್ಮ ಸೊಲ್ಲಿನಲ್ಲಿ ಹೇಳುವುದಾದರೆ ತಕಿಟ ತಕಿಟ ತಕ. ಒತ್ತು ಒಂದು, ನಾಲ್ಕು, ಏಳನೇ ಮೀಟಿನ ಮೇಲೆ ಬೀಳುತ್ತದೆ. ಕೆಳಗೆ ಬಾಸ್ ಮತ್ತು ಗಿಟಾರ್ ಚತುರಶ್ರ ನಡೆಯನ್ನು, ಅಂದರೆ ನಾಲ್ಕರ ಎಣಿಕೆಯನ್ನು, ಬಿಡದೆ ಹಿಡಿದಿರುತ್ತವೆ. ಮೇಲೆ ಬ್ಯಾಂಜೋ ತಿಶ್ರದ, ಅಂದರೆ ಮೂರರ, ತುಂಡುಗಳನ್ನು ಹಾಸುತ್ತ ಹೋಗುತ್ತದೆ. ಸಂಗೀತ ಮುಂದಕ್ಕೆ ಜಗ್ಗಿದ ಹಾಗೆ ಕೇಳುವುದು ಈ ಎರಡರ ಎಳೆದಾಟದಿಂದ.

ಬರೀ ಲೆಕ್ಕವಾಗಿದ್ದರೆ ಯಾರು ಬೇಕಾದರೂ ಕಲಿತು ಅದೇ ನಾದ ತೆಗೆಯಬಹುದಿತ್ತು. ಸ್ಕ್ರಗ್ಸ್ ಹಾಡಿನ ಧಾಟಿ ಎಲ್ಲಿ ಬರಬೇಕೋ ಅಲ್ಲಿಗೆ ರೋಲ್ ಅನ್ನೇ ಬದಲಿಸುತ್ತಾರೆ. ಧಾಟಿಯ ಸ್ವರ ಬಹುಪಾಲು ಹೆಬ್ಬೆರಳಿಗೆ ಸಿಗುವಂತೆ ಪಾಠ ಜೋಡಿಸಿಕೊಳ್ಳುತ್ತಾರೆ. ಮಿಕ್ಕ ಸ್ವರಗಳು ತೆಳ್ಳಗೆ ಹಿಂದೆ ನಿಲ್ಲುತ್ತವೆ. ಅಷ್ಟು ಓಟದಲ್ಲಿ ಪ್ರತಿ ಮೀಟಿನ ತೂಕ ಬೇರೆ ಬೇರೆ! ಇದು ಕಂಚಿನ ಉಂಗುರ ಮಾಡಿಕೊಡುವ ಕೆಲಸ ಅಲ್ಲ.

ವೀಣಾ ತಂತಿ, ಮೈಸೂರು

ಮೃದಂಗಮಿತ್ರರು ಐದನೇ ತಂತಿಯ ವಿಷಯ ಬಿಟ್ಟಿರಿ. ಅದು ಉಳಿದ ನಾಲ್ಕರಷ್ಟು ಉದ್ದ ಇಲ್ಲ, ಕತ್ತಿನ ನಡುವೆ ಐದನೇ ಮೆಟ್ಟಿಲಿನ ಹತ್ತಿರ ಅದರ ಬಿರಡೆ (ತಂತಿ ಬಿಗಿಯುವ ತಿರುಪು) ಇರುತ್ತದೆ. ವಾದ್ಯ ಹಿಡಿದಾಗ ಮೇಲುಗಡೆ, ಹೆಬ್ಬೆರಳಿನ ಪಕ್ಕಕ್ಕೇ ಬರುತ್ತದೆ, ಆದರೆ ಶ್ರುತಿ ಎಲ್ಲಕ್ಕಿಂತ ಎತ್ತರದ್ದು. ಸಾಮಾನ್ಯ ಶ್ರುತಿ ಜಿ-ಡಿ-ಜಿ-ಬಿ-ಡಿ. ಎಡಗೈ ಏನನ್ನೂ ಒತ್ತದಿದ್ದರೂ ಜಿ ಮೇಜರ್ ಸ್ವರಮೇಳ ನುಡಿಯುತ್ತದೆ.

ವೀಣೆಯಲ್ಲೂ ಪಕ್ಕಕ್ಕೆ ಮೂರು ತಾಳದ ತಂತಿಗಳಿವೆ, ಕಿರುಬೆರಳಿನಿಂದ ಮೀಟುತ್ತೇವೆ, ತಾಳದ ಪೆಟ್ಟು ತೋರಿಸುವುದಕ್ಕೆ. ಬ್ಯಾಂಜೋದಲ್ಲಿ ಆ ಶ್ರುತಿ ತಂತಿ ರೋಲ್‌ನ ಒಳಗೇ ಹೆಣೆದುಕೊಂಡಿರುತ್ತದೆ. ಷಡ್ಜ ಹಿನ್ನೆಲೆಯಲ್ಲಿ ಸುಮ್ಮನೆ ನಿಲ್ಲದೆ ಧಾಟಿಯ ಸಂದುಗಳಲ್ಲಿ ಮಿನುಗುತ್ತ ಬರುತ್ತದೆ. ನನಗೆ ಈ ವಾದ್ಯದ ಮೇಲೆ ಪ್ರೀತಿ ಹುಟ್ಟಿದ್ದು ಇದೊಂದು ಕಾರಣಕ್ಕೆ.

ಕ್ಯಾರೊಲಿನಾ ಕನ್ನಡತಿ, ರಾಲಿ

ನಾನು ಇರುವುದು ಸ್ಕ್ರಗ್ಸ್ ಅವರ ರಾಜ್ಯದಲ್ಲೇ. ಶೆಲ್ಬಿಯಲ್ಲಿ ಹಳೆಯ ಕೋರ್ಟ್ ಕಟ್ಟಡವನ್ನೇ ಅರ್ಲ್ ಸ್ಕ್ರಗ್ಸ್ ಸೆಂಟರ್ ಮಾಡಿದ್ದಾರೆ, ತೆರೆದದ್ದು 2014ರ ಜನವರಿಯಲ್ಲಿ. ಅಲ್ಲಿ ಸುತ್ತಾಡಿದ ಮೇಲೆ ನನಗೆ ಮನಸ್ಸಿನಲ್ಲಿ ನಿಂತದ್ದು ಎರಡು ಸಂಗತಿ.

ಒಂದು, ಮೂರು ಬೆರಳಿನ ವಾದನ ಸ್ಕ್ರಗ್ಸ್ ಒಬ್ಬರೇ ಗಾಳಿಯಿಂದ ಹಿಡಿದು ತಂದದ್ದಲ್ಲ. ಆ ಭಾಗದಲ್ಲಿ ಸ್ಮಿತ್ ಹ್ಯಾಮೆಟ್, ಸ್ನಫಿ ಜೆಂಕಿನ್ಸ್ ಮುಂತಾದವರು ಆಗಲೇ ಮೂರು ಬೆರಳು ಬಳಸುತ್ತಿದ್ದರು. ಜೆಂಕಿನ್ಸ್ ರೇಡಿಯೋದಲ್ಲೂ ನುಡಿಸುತ್ತಿದ್ದರು. ಸ್ಕ್ರಗ್ಸ್ ಮಾಡಿದ್ದು ಅದನ್ನು ನಯಗೊಳಿಸಿ, ತಡವರಿಕೆ ಇಲ್ಲದ ಹರಿವು ಕೊಟ್ಟು, ತಂಡದ ಮುಂಚೂಣಿ ವಾದ್ಯವಾಗಿ ನಿಲ್ಲಿಸಿದ್ದು. ಅಲ್ಲಿಯವರೆಗೆ ಬ್ಯಾಂಜೋ ಹಿಡಿದವರು ವೇದಿಕೆಯಲ್ಲಿ ಹಾಸ್ಯವನ್ನೂ ಮಾಡಬೇಕು ಅನ್ನುವ ರೂಢಿ ಇತ್ತು. ಸ್ಕ್ರಗ್ಸ್ ನಗಿಸಲಿಲ್ಲ, ನೇರ ನಿಂತು ನುಡಿಸಿದರು.

ಇನ್ನೂ ಹಿಂದಕ್ಕೆ ಹೋದರೆ ಈ ವಾದ್ಯವನ್ನು ಅಮೆರಿಕಕ್ಕೆ ತಂದವರು ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಜನ. ಸೋರೆಬುರುಡೆಗೆ ಚರ್ಮ ಬಿಗಿದು ತಂತಿ ಕಟ್ಟಿದ ವಾದ್ಯಗಳು ಪಶ್ಚಿಮ ಆಫ್ರಿಕಾದಲ್ಲಿ ಇವತ್ತಿಗೂ ಇವೆ, ಸೆನೆಗಾಂಬಿಯಾದ ಅಕೊಂಟಿಂಗ್ ಅದರಲ್ಲೊಂದು. ಅದರಲ್ಲೂ ಗಿಡ್ಡ ಶ್ರುತಿ ತಂತಿ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಿದ್ದ ಅಣಕದ ಆಟಗಳ ಮೂಲಕ ಬ್ಯಾಂಜೋ ಊರೂರು ಸುತ್ತಿತು. ಕೊನೆಗೆ ಅದನ್ನು ಕೊಟ್ಟ ಕಪ್ಪು ಜನರ ಹೆಸರೇ ಹಿಂದೆ ಸರಿಯಿತು. ಇದೇ ರಾಜ್ಯದ ಗಾಯಕಿ ರಿಯಾನನ್ ಗಿಡೆನ್ಸ್ ಅಂಥವರು ಈಗ ಆ ಚರಿತ್ರೆಯನ್ನು ಹಾಡಿನಲ್ಲೂ ಮಾತಿನಲ್ಲೂ ಮತ್ತೆ ಮುಂದಕ್ಕೆ ತರುತ್ತಿದ್ದಾರೆ. ಸ್ಕ್ರಗ್ಸ್ ಅವರನ್ನು ಹೊಗಳುವಾಗ ಇದನ್ನೂ ಹೇಳಲೇಬೇಕು ಅಂತ ನನಗನಿಸುತ್ತದೆ.

ಎರಡನೆಯದು ಅವರ ಹೆಂಡತಿ ಲೂಯಿಸ್. 1948ರಲ್ಲಿ ಮದುವೆ. 1955ರ ಅಕ್ಟೋಬರ್‌ನಲ್ಲಿ ಕಾರು ಅಪಘಾತವಾಗಿ ಸ್ಕ್ರಗ್ಸ್ ತಿಂಗಳುಗಟ್ಟಲೆ ವೇದಿಕೆಯಿಂದ ದೂರ ಉಳಿಯಬೇಕಾಯಿತು, ಸೊಂಟದ ಎಲುಬು ಮುರಿದಿತ್ತು. ಆಮೇಲಿನ ವರ್ಷಗಳಲ್ಲಿ ತಂಡದ ವ್ಯವಹಾರವನ್ನೆಲ್ಲ ಲೂಯಿಸ್ ಕೈಗೆ ತೆಗೆದುಕೊಂಡರು. ನ್ಯಾಶ್‌ವಿಲ್‌ನಲ್ಲಿ ಹೆಂಗಸರು ಯಾರೂ ಆ ಕೆಲಸ ಮಾಡದ ಕಾಲ ಅದು. ಹಳ್ಳಿಯ ಶಾಲೆಗಳಲ್ಲಿ ಕಛೇರಿ ಕೊಡುತ್ತಿದ್ದ ತಂಡ ಕಾಲೇಜುಗಳಿಗೆ, ಜಾನಪದ ಉತ್ಸವಗಳಿಗೆ, 1962ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ಗೆ ಹೋದದ್ದರಲ್ಲಿ ಅವರ ಪಾಲು ದೊಡ್ಡದು. ಬೆರಳೋ ಬ್ಯಾಂಜೋವೋ ಅಂತ ಕೇಳುವಾಗ ಲೂಯಿಸ್ ಅವರ ದುಡಿಮೆ ಎರಡರಲ್ಲೂ ಲೆಕ್ಕಕ್ಕೆ ಬರುವುದೇ ಇಲ್ಲ.

ತಂತಿಮೀಟು, ಮೈಸೂರು

ಅಕ್ಕ, ಲೂಯಿಸ್ ಅವರನ್ನು ನೆನಪಿಸಿದ್ದು ಬಹಳ ಒಳ್ಳೆಯದಾಯಿತು.

ಈಗ ಗ್ರನಾಡಾ ಕೈಬದಲಾದ ಕಥೆ. ನಾದ ಯಾರದು ಅನ್ನುವ ಪ್ರಶ್ನೆಗೆ ಇದೇ ದೊಡ್ಡ ಸಾಕ್ಷಿ. ಅಕ್ಕ ಹೇಳಿದ ಸ್ನಫಿ ಜೆಂಕಿನ್ಸ್ ಬಳಿಯೇ ಹಿಂದೆ ಆ ವಾದ್ಯ ಇತ್ತು. ಅವರಿಂದ ಡಾನ್ ರೆನೋ ಕೊಂಡರು. ರೆನೋ ಸಹ ಮಹಾ ವಾದಕರು. ಬಿಲ್ ಮನ್ರೋ ಸ್ಕ್ರಗ್ಸ್‌ಗಿಂತ ಮೊದಲೇ ರೆನೋ ಅವರನ್ನು ಕರೆದಿದ್ದರು, ಆದರೆ ರೆನೋ ಸೈನ್ಯಕ್ಕೆ ಸೇರಿ ಬರ್ಮಾದ ಕಾಡುಗಳಲ್ಲಿ ಹೋರಾಡಬೇಕಾಯಿತು. ಅವರು ವಾಪಸು ಬರುವಷ್ಟರಲ್ಲಿ ಆ ಜಾಗದಲ್ಲಿ ಸ್ಕ್ರಗ್ಸ್ ನಿಂತಿದ್ದರು, ನಾಡಿಗೆಲ್ಲ ಹೆಸರಾಗಿತ್ತು. 1948ರಲ್ಲಿ ಸ್ಕ್ರಗ್ಸ್ ಬಿಟ್ಟ ಮೇಲೆ ಮನ್ರೋ ತಂಡಕ್ಕೆ ಬಂದವರು ಈ ರೆನೋ ಅವರೇ.

1940ರ ದಶಕದ ಕೊನೆಯಲ್ಲಿ ಇಬ್ಬರೂ ವಾದ್ಯ ಅದಲು ಬದಲು ಮಾಡಿಕೊಂಡರು. ಸ್ಕ್ರಗ್ಸ್ ತಮ್ಮ ಗಿಬ್ಸನ್ ಆರ್‌ಬಿ-75 ಮಾದರಿ ಬ್ಯಾಂಜೋ ಕೊಟ್ಟು, ಮೇಲೆ ಒಂದು ಮಾರ್ಟಿನ್ ಗಿಟಾರನ್ನೂ ಸೇರಿಸಿ, ಆಗ ಸೊರಗಿದ ಸ್ಥಿತಿಯಲ್ಲಿದ್ದ ಗ್ರನಾಡಾ ತೆಗೆದುಕೊಂಡರು. ರೆನೋ ಆ ಆರ್‌ಬಿ-75ಕ್ಕೆ ನೆಲ್ಲಿ ಅಂತ ಹೆಸರಿಟ್ಟು ಬದುಕಿನುದ್ದಕ್ಕೂ ನುಡಿಸಿದರು.

ಈಗ ಯೋಚಿಸಿ. ಅದೇ ಗ್ರನಾಡಾ ಜೆಂಕಿನ್ಸ್ ಕೈಯಲ್ಲಿ ಇತ್ತು, ರೆನೋ ಕೈಯಲ್ಲಿ ಇತ್ತು. ಆಗ ಅದು ಸ್ಕ್ರಗ್ಸ್ ನಾದ ಕೊಟ್ಟಿತೇ? ಸ್ಕ್ರಗ್ಸ್ ಬಿಟ್ಟುಕೊಟ್ಟ ಬ್ಯಾಂಜೋ ರೆನೋ ಅವರನ್ನು ಸ್ಕ್ರಗ್ಸ್ ಮಾಡಲಿಲ್ಲ. ಅವರು ಗಿಟಾರಿನಂತೆ ಒಂಟಿ ತಂತಿಯ ಮೇಲೆ ಓಡುವ ತಮ್ಮದೇ ಶೈಲಿ ಕಟ್ಟಿಕೊಂಡರು, ಅದೂ ಅಷ್ಟೇ ಸೊಗಸು.

ಸಾಧನಕೇರಿ, ಧಾರವಾಡ

ಸರ್, ನೀವು ಹೇಳಿದ ಕಥಿನ ನನ್ನ ಪರ ಸಾಕ್ಷಿ ಹೇಳತದ ನೋಡ್ರಿ! ಛಲೋ ನಡದ ಬ್ಯಾಂಜೋ ಕೊಟ್ಟು, ಮ್ಯಾಲ ಗಿಟಾರ್ ಕೊಟ್ಟು, ಹಾಳಾದ ವಾದ್ಯ ಯಾಕ ತಗೊಂಡ್ರು? ಅದರ ಒಳಗಿನ ದನಿ ಅವರ ಕಿವಿಗೆ ಕೇಳಿತ್ತು. ರಿಪೇರಿ ಮಾಡಿಸಿದ್ರು, ಕತ್ತು ಬದಲಿಸಿದ್ರು, ಆದ್ರ ಬಳಿ ಮತ್ತ ಉಂಗುರ ಅವ ಇದ್ದವು. 1960ರ ದಶಕದಾಗ ಬಾಸ್ಟನ್ನಿನ ವೇಗಾ ಕಂಪನಿ ಅವರ ಹೆಸರಿನ ಮಾದರಿ ತಂತು. 1984ರಾಗ ಗಿಬ್ಸನ್‌ನವರು ಅವರ ಗ್ರನಾಡಾನ್ನ ನೋಡಿಕೊಂಡು 'ಅರ್ಲ್ ಸ್ಕ್ರಗ್ಸ್' ಮಾದರಿ ಮಾಡಿದ್ರು. ಹೊಸವು ಎಷ್ಟು ಬಂದ್ರೂ 2012ರ ಮಾರ್ಚ್ 28ಕ್ಕ ತೀರಿಕೊಳ್ಳೂ ತನಕ ಅವರ ಹತ್ರ ಉಳದದ್ದು ಆ ಹಳೇ ಗ್ರನಾಡಾನ. ಅರವತ್ತು ವರ್ಷಕ್ಕೂ ಮಿಕ್ಕಿ!

ನಾ ಹೇಳೂದು ಇಷ್ಟ: ಕೈ ಮೊದಲು, ಖರೆ. ಆದ್ರ ಆ ಕೈ ಏನು ಕೇಳತದೋ ಅದನ್ನ ಕೊಡೂ ವಾದ್ಯ ಸಿಕ್ಕಾಗ ಕೈ ಇನ್ನಷ್ಟು ದೂರ ಹೋಗತದ. 1950ರ ನಂತರದ ಮುದ್ರಣದಾಗ ಮೂರನೇ, ನಾಲ್ಕನೇ ತಂತಿಯ ದನಿ ಎಷ್ಟು ತುಂಬೇದ ಕೇಳ್ರಿ, ಮನ್ರೋ ಕಾಲದ್ದಕ್ಕೂ ಇದಕ್ಕೂ ಫರಕು ಕಿವಿಗೆ ಹತ್ತತದ.

ಮದ್ದಳೆ ಮನೆ, ಕುಂದಾಪುರ

ಚರ್ಮದ ವಿಷಯ ಬಂತಲ್ಲ, ಹಾಗಾಗಿ ನಾನೂ ಒಂದು ಮಾತು ಬರೆಯುತ್ತೇನೆ. ಆಗಿನ ಬ್ಯಾಂಜೋಗಳಿಗೆ ಕರುವಿನ ಚರ್ಮ. ಮಳೆಗಾಲದ ಆಟದಲ್ಲಿ ಮದ್ದಳೆ ಶ್ರುತಿಯಲ್ಲಿ ನಿಲ್ಲದೆ ಕಾಡುವ ಹಾಗೆ ಅದೂ ತೇವಕ್ಕೆ ಸಡಿಲವಾಗುತ್ತಿತ್ತು, ತಂತಿ ಮೆಟ್ಟಿಲಿಗೆ ತಾಗುವಷ್ಟು ಕುದುರೆ (ಚರ್ಮದ ಮೇಲೆ ನಿಂತು ತಂತಿ ಹೊರುವ ಪುಟ್ಟ ಮರದ ತುಂಡು) ತಗ್ಗುತ್ತಿತ್ತು. 1950ರ ದಶಕದ ಕೊನೆಗೆ ಪ್ಲಾಸ್ಟಿಕ್ಕಿನ ಮೈಲಾರ್ ಹಾಳೆ ಬಂದ ಮೇಲೆ ಆ ತೊಂದರೆ ಹೋಯಿತು. ಅಂಥ ಚರ್ಮದ ಮೇಲೆ, ಒಂದೇ ಮೈಕಿನ ಸುತ್ತ ತಂಡವೆಲ್ಲ ನಿಂತು, ರೇಡಿಯೋದಲ್ಲಿ ನೇರಪ್ರಸಾರ ಕೊಡುತ್ತಿದ್ದರು. ಮುದ್ರಣ ಕೇಳುವಾಗ ಇದು ನೆನಪಿರಬೇಕು.

ಅವರ ಕೈಕೆಲಸದ ಬುದ್ಧಿಯನ್ನೂ ಹೇಳಬೇಕು ಮಾರಾಯ್ರೆ. 1951ರ 'ಅರ್ಲ್ಸ್ ಬ್ರೇಕ್‌ಡೌನ್'ನಲ್ಲಿ ನುಡಿಸುತ್ತಿರುವಾಗಲೇ ತಂತಿಯ ಶ್ರುತಿ ಕೆಳಗೆ ಜಾರಿ ಮತ್ತೆ ಸರಿಯಾಗಿ ತನ್ನ ಜಾಗಕ್ಕೆ ಬರುವುದು ಕೇಳುತ್ತದೆ. ಅದಕ್ಕಾಗಿ ಅವರು ಬ್ಯಾಂಜೋದ ತಲೆಗೆ ತೂತು ಕೊರೆದು, ತಂತಿಯನ್ನು ಪಕ್ಕಕ್ಕೆ ಒತ್ತುವ ಚಿಕ್ಕ ತಿರುಗಣೆ ಬಿರಡೆ ತಾವೇ ಕೂರಿಸಿಕೊಂಡಿದ್ದರು. 1960ರ ದಶಕದಲ್ಲಿ ಬಿಲ್ ಕೀತ್ ಮತ್ತು ಡ್ಯಾನ್ ಬಂಪ್ ಬಿರಡೆಯ ಒಳಗೇ ಎರಡು ತಡೆ ಇಟ್ಟು ಅದನ್ನು ಅಚ್ಚುಕಟ್ಟು ಮಾಡಿದರು. ಈಗ ಮಾರುಕಟ್ಟೆಯಲ್ಲಿ ಸಿಗುವ ಕೀತ್ ಬಿರಡೆ ಅದೇ.

ಮೃದಂಗಮಿತ್ರ, ಬೆಂಗಳೂರು

ಸಾಧನಕೇರಿಯವರ ಕೊನೆಯ ಮಾತು ಯೋಚಿಸುವ ಹಾಗಿದೆ. 'ಫಾಗಿ ಮೌಂಟನ್ ಬ್ರೇಕ್‌ಡೌನ್' ಮೂಲ ಮುದ್ರಣದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬ್ಯಾಂಜೋ ಇ ಮೈನರ್‌ಗೆ ಹೋಗುವಾಗ ಫ್ಲ್ಯಾಟ್ ಅವರ ಗಿಟಾರ್ ಇ ಮೇಜರ್ ಹಿಡಿಯುತ್ತದೆ. ನಮ್ಮ ಮಾತಿನಲ್ಲಿ ಒಬ್ಬರು ಸಾಧಾರಣ ಗಾಂಧಾರ, ಇನ್ನೊಬ್ಬರು ಅಂತರ ಗಾಂಧಾರ, ಏಕಕಾಲಕ್ಕೆ. ಆ ಘರ್ಷಣೆ ಆ ತುಣುಕಿಗೆ ಒಂದು ಕಾವು ಕೊಟ್ಟಿದೆ. ಆಮೇಲೆ ನುಡಿಸುವವರು ಎರಡನ್ನೂ ಮೈನರ್ ಮಾಡಿ ಸರಿಪಡಿಸುತ್ತಾರೆ. ನನಗೆ ಹಳೆಯದೇ ಇಷ್ಟ.

ಕ್ಯಾರೊಲಿನಾ ಕನ್ನಡತಿ, ರಾಲಿ

1969ರ ನಂತರದ ಸ್ಕ್ರಗ್ಸ್ ಬಗ್ಗೆ ಯಾರೂ ಬರೆದಿಲ್ಲ, ಅದು ಬಿಟ್ಟುಹೋಗಬಾರದು. 1962ರಲ್ಲಿ ಶುರುವಾದ 'ದಿ ಬೆವರ್ಲಿ ಹಿಲ್‌ಬಿಲೀಸ್' ಟಿವಿ ಧಾರಾವಾಹಿಯ ಶೀರ್ಷಿಕೆ ಗೀತೆಯಿಂದ ಅವರ ಬ್ಯಾಂಜೋ ಮನೆಮನೆಗೂ ಹೋಗಿತ್ತು. ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ಹಾಡಿದ ಮುದ್ರಿಕೆ 1963ರ ಜನವರಿಯಲ್ಲಿ ಕಂಟ್ರಿ ಸಂಗೀತದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೂ ಏರಿತು. ಹೀಗೆ ಎಲ್ಲ ಚೆನ್ನಾಗಿ ನಡೆದಿರುವಾಗಲೂ ಅವರಿಗೆ ನಿಂತಲ್ಲೇ ನಿಲ್ಲುವುದು ಬೇಡವಾಗಿತ್ತು. ಫ್ಲ್ಯಾಟ್ ಅವರಿಗೆ ಹಳೆಯ ದಾರಿಯೇ ಬೇಕಿತ್ತು. 1969ರಲ್ಲಿ ಇಬ್ಬರೂ ಬೇರೆಯಾದರು. ಸ್ಕ್ರಗ್ಸ್ ತಮ್ಮ ಮಕ್ಕಳಾದ ಗ್ಯಾರಿ, ರ‍್ಯಾಂಡಿ, ಆಮೇಲೆ ಸ್ಟೀವ್ ಜೊತೆ 'ಅರ್ಲ್ ಸ್ಕ್ರಗ್ಸ್ ರೆವ್ಯೂ' ಕಟ್ಟಿದರು. ವಿದ್ಯುತ್ ಗಿಟಾರ್, ಡ್ರಮ್ಸ್ ಎಲ್ಲ ಸೇರಿತು. ಅದೇ ವರ್ಷದ ನವೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ನಡೆದ ದೊಡ್ಡ ಸಭೆಯಲ್ಲಿ ನುಡಿಸಿದರು. ಕಂಟ್ರಿ ಸಂಗೀತದವರು ಆ ಕಡೆ ಮುಖ ಹಾಕದ ದಿನಗಳಲ್ಲಿ ಅದು ಸಣ್ಣ ಧೈರ್ಯವಲ್ಲ.

ಈಗಿನ ಹೆಸರಾಂತ ಬ್ಯಾಂಜೋ ವಾದಕ ಬೆಲಾ ಫ್ಲೆಕ್ ಚಿಕ್ಕಂದಿನಲ್ಲಿ ಮೊದಲು ಬ್ಯಾಂಜೋ ಕೇಳಿ ಮರುಳಾದದ್ದು ಆ ಟಿವಿ ಗೀತೆಯಿಂದ. ಅದೇ ಫ್ಲೆಕ್ ಮುಂದೆ ಜಾಕಿರ್ ಹುಸೇನ್, ರಾಕೇಶ್ ಚೌರಾಸಿಯಾ, ಎಡ್ಗರ್ ಮೇಯರ್ ಜೊತೆ 2023ರಲ್ಲಿ ಧ್ವನಿಮುದ್ರಿಕೆ ತಂದರು, ಅದಕ್ಕೆ 2024ರಲ್ಲಿ ಗ್ರ್ಯಾಮಿ ಬಂತು. ತಬಲಾ, ಕೊಳಲಿನ ನಡುವೆ ಸ್ಕ್ರಗ್ಸ್ ರೋಲ್ ಕೇಳಬೇಕು ಅನ್ನುವವರಿಗೆ ಅದು ಸಿಗುತ್ತದೆ. ಫ್ಲೆಕ್ ಅವರ ಬ್ಯಾಂಜೋ ಸಹ ಯುದ್ಧಪೂರ್ವದ್ದೇ, 1937ರ ಗಿಬ್ಸನ್ ಸ್ಟೈಲ್ 75.

ಹೊಸ ಕಲಿಕೆ, ಹಾಸನ

ಎಲ್ಲರ ಮಾತು ಓದಿ ತುಂಬಾ ಖುಷಿಯಾಯಿತು. ನಾನು ಗಿಟಾರ್ ಬಿಟ್ಟು ಬ್ಯಾಂಜೋ ಕಲಿಯಬೇಕು ಅಂತಿದ್ದೇನೆ. ಗಿಬ್ಸನ್ ಕೊಳ್ಳುವ ಶಕ್ತಿ ನನಗಿಲ್ಲ. ಶುರುವಿಗೆ ಎಂಥದ್ದು ನೋಡಬೇಕು? ಬಲಗೈ ಎಲ್ಲಿಂದ ಆರಂಭಿಸಬೇಕು?

ತಂತಿಮೀಟು, ಮೈಸೂರು

ಗಿಬ್ಸನ್ ಚಿಂತೆ ಬೇಡ. 2010ರ ನ್ಯಾಶ್‌ವಿಲ್ ಪ್ರವಾಹದಲ್ಲಿ ಅವರ ಬ್ಯಾಂಜೋ ಕಾರ್ಖಾನೆಗೆ ನೀರು ನುಗ್ಗಿದ ಮೇಲೆ ಅವರು ಬ್ಯಾಂಜೋ ಮಾಡುವುದೇ ನಿಂತುಹೋಯಿತು. ಕ್ಯಾಲಿಫೋರ್ನಿಯಾದ ಡೀರಿಂಗ್ ಕಂಪನಿಯ 'ಗುಡ್‌ಟೈಮ್' ಸರಣಿ ಕಲಿಯುವವರಿಗೆ ಒಳ್ಳೆಯದು, ಮೇಪಲ್ ಬಳೆ, ಹಗುರ, ಟೋನ್ ರಿಂಗ್ ಇಲ್ಲದ್ದೂ ಸಿಗುತ್ತದೆ. ಯಾವುದೇ ತೆಗೆದುಕೊಳ್ಳಿ, ಐದು ತಂತಿಯದ್ದೇ ಅಂತ ಖಚಿತ ಮಾಡಿಕೊಳ್ಳಿ, ಕತ್ತು ನೆಟ್ಟಗಿದೆಯೇ ಅಂತ ನೋಡಿ. ಕುದುರೆ ಅಂಟಿಸಿರುವುದಿಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ಐದೂ ತಂತಿಯನ್ನು ಒಟ್ಟಿಗೆ ಸಡಿಲಿಸಬೇಡಿ, ಒಂದೊಂದಾಗಿ ಬದಲಿಸಿ. ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ಉಳಿದೆರಡು ಬೆರಳಿಗೆ ಲೋಹದ ಪಿಕ್, ಮೊದಲ ದಿನದಿಂದಲೇ ಹಾಕಿಕೊಂಡು ಅಭ್ಯಾಸ ಮಾಡಿ.

ಮೃದಂಗಮಿತ್ರ, ಬೆಂಗಳೂರು

ಉಂಗುರ ಬೆರಳು, ಕಿರುಬೆರಳು ಚರ್ಮದ ಮೇಲೆ ಊರಿ, ತಕಿಟ ತಕಿಟ ತಕ ವಿಳಂಬದಲ್ಲಿ ಹಿಡಿಯಿರಿ. ಎಂಟೂ ಮೀಟು ಸಮವಾಗಿ ಬರುವವರೆಗೆ ಕಾಲ ಏರಿಸಬೇಡಿ. ಅದು ಕೂತ ಮೇಲೆ ಒತ್ತು ಎಲ್ಲಿ ಹಾಕುವುದು ಅಂತ ನೋಡೋಣ.

ವೀಣಾ ತಂತಿ, ಮೈಸೂರು

ಕೇಳುವಾಗ ಒಂದು ಗಮನಿಸಿ. ಸ್ಕ್ರಗ್ಸ್ ತಾವೇ ಮುಂದೆ ಬಂದು ನುಡಿಸುವಾಗ ಬಲಗೈ ಕುದುರೆಯ ಹತ್ತಿರ ಇರುತ್ತದೆ, ದನಿ ಗಡುಸು. ಫ್ಲ್ಯಾಟ್ ಹಾಡಲು ಶುರು ಮಾಡಿದರೆ ಕೈ ಕತ್ತಿನ ಕಡೆಗೆ ಸರಿಯುತ್ತದೆ, ದನಿ ಮೆತ್ತಗಾಗುತ್ತದೆ, ಸಾಹಿತ್ಯದ ಸಾಲು ಮುಗಿದ ಜಾಗದಲ್ಲಿ ಮಾತ್ರ ಒಂದು ತುಂಡು ಮೇಲೆ ಬರುತ್ತದೆ. ಹಳೆಯ ಟಿವಿ ಕಾರ್ಯಕ್ರಮಗಳ ದೃಶ್ಯಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಅವರ ಒಂಟಿ ವಾದನಕ್ಕಿಂತ ಮೊದಲು ಈ ಪಕ್ಕವಾದ್ಯದ ಭಾಗಗಳನ್ನೇ ಕೇಳಿ. ಕಲಿಯುವವರು ಸಾಮಾನ್ಯವಾಗಿ ಬಿಡುವುದು ಅದನ್ನೇ.